ಸಂಜೀವಣ್ಣ ಬಲಗಡೆಗೆ ಬಂದ ಚಳಿಗಾಲ

ಕಾರಿನ ಎಸಿ ಕೆಟ್ಟಿತ್ತು. ಮನೆ ಹತ್ತಿರದ ಗ್ಯಾರೇಜಿನವನು ಕಂಪ್ರೆಸರ್ರೇ ಬದಲಾಯಿಸಬೇಕು ಅಂದ. ಮಸ್ಕತ್ತಿನ ಹೊರವಲಯದ ಅಲ್ ಅಮೇರಾತ್‌ನಲ್ಲಿ ಒಬ್ಬ ಮಲಯಾಳಿ ಮೆಕ್ಯಾನಿಕ್ ಇದ್ದಾನೆ, ಸುಮ್ಮಸುಮ್ಮನೆ ಬಿಚ್ಚುವ ಪೈಕಿಯಲ್ಲ ಅಂತ ಆಫೀಸಿನಲ್ಲಿ ಯಾರೋ ಹೇಳಿದ್ದಕ್ಕೆ, ಕಳೆದ ಶನಿವಾರ ಬೆವರು ಒರೆಸಿಕೊಳ್ಳುತ್ತಾ ಗುಡ್ಡ ದಾಟಿ ಅಲ್ಲಿಗೆ ಹೋದೆ. ಗ್ಯಾರೇಜಿನ ಬೋರ್ಡು ಹುಡುಕುವ ಗಡಿಬಿಡಿಯಲ್ಲಿ ಜಾಗ ಯಾವುದೆಂದು ಗಮನಿಸಲಿಲ್ಲ. ಅವನು ಬಾನೆಟ್ ಎತ್ತಿ ಒಳಗೆ ತಲೆ ಹಾಕಿದ. ಅಷ್ಟರಲ್ಲಿ ಪಕ್ಕದ ಖಾಲಿ ಜಾಗಕ್ಕೆ ನೀರಿನ ಟ್ಯಾಂಕರ್ ಬಂದು ನಿಂತಿತು. ಧೂಳು ಏಳದಿರಲಿ ಅಂತ ಪೈಪು ಹಿಡಿದು ನೀರು ಚಿಮುಕಿಸತೊಡಗಿದರು.

ಬಿಸಿ ಮಣ್ಣಿಗೆ ನೀರು ಬಿದ್ದ ವಾಸನೆ. ಊರಿನ ಮೊದಲ ಮಳೆಯದ್ದಲ್ಲ. ಇದರಲ್ಲಿ ಸ್ವಲ್ಪ ಡೀಸೆಲ್ಲೂ ಕಲ್ಲಿನ ಪುಡಿಯೂ ಸೇರಿರುತ್ತದೆ. ಮೂಗಿಗೆ ಅದು ತಾಗಿದ ಗಳಿಗೆ ನನ್ನ ಎಡಗೈ ತಾನಾಗಿ ಪಕ್ಕಕ್ಕೆ ಚಾಚಿತು. ಹಿಡಿದುಕೊಳ್ಳಲು ಅಲ್ಲಿ ಯಾರೂ ಇರಲಿಲ್ಲ. ಮೆಕ್ಯಾನಿಕ್ ತಲೆ ಎತ್ತಿ, "ಸಾರ್, ಏನಾದ್ರೂ ಬೇಕಾ?" ಅಂತ ಹಿಂದಿಯಲ್ಲಿ ಕೇಳಿದ. ಏನಿಲ್ಲ ಅಂದೆ.

ಅದು ನಾವು ಕಬಡ್ಡಿ ಆಡುತ್ತಿದ್ದ ಮೈದಾನ. ಶುಕ್ರವಾರ ಬೆಳಗ್ಗೆ ಹೀಗೇ ಟ್ಯಾಂಕರ್ ತರಿಸಿ, ಮಣ್ಣು ಕೂರಿಸಿ, ಸುಣ್ಣದ ಗೆರೆ ಎಳೆಯುತ್ತಿದ್ದೆವು. ಆ ಗೆರೆಗಳ ಎಡ ಮೂಲೆಯಲ್ಲಿ ಸಂಜೀವಣ್ಣ ನಿಲ್ಲುತ್ತಿದ್ದ. ಅವನ ಪಕ್ಕದಲ್ಲಿ ನಾನು.

ಕಬಡ್ಡಿಯಲ್ಲಿ ಚಪ್ಪಾಳೆಯೆಲ್ಲ ಉಸಿರು ಹಿಡಿದು ಬರುವ ರೈಡರ್‌ಗೆ. ಅವನು ಬರುತ್ತಾನೆ, ಮುಟ್ಟುತ್ತಾನೆ, ಓಡುತ್ತಾನೆ. ಅವನ ಕಾಲು ಹಿಡಿದು ನೆಲಕ್ಕೆ ಕೆಡವುವವನು ಮೂಲೆಯಲ್ಲಿ ನಿಂತ ಕಾರ್ನರ್. ಇವನ ಫೋಟೋ ಪೇಪರಿನಲ್ಲಿ ಬರುವುದು ಅಪರೂಪ. ಬಂದರೂ ಮುಖ ಮಣ್ಣಿನಲ್ಲಿರುತ್ತದೆ. ಸಂಜೀವಣ್ಣ ಮೂಲ್ಕಿ ಕಡೆಯವನು. ಕೊಯ್ಲಾದ ಗದ್ದೆಯಲ್ಲಿ ಆಡಿ ಕಲಿತವನು. ಕಾಲೇಜು, ಯೂನಿವರ್ಸಿಟಿ, ಜಿಲ್ಲೆ ಅಂತ ಮೇಲೇರಿ, ರಾಜ್ಯ ತಂಡದ ಶಿಬಿರದಲ್ಲಿ ಭುಜ ಕಳಚಿಕೊಂಡು ವಾಪಸಾದವನು. ಊರಲ್ಲಿ ಅವನನ್ನು ಡೆಂಜಿ ಅನ್ನುತ್ತಿದ್ದರಂತೆ. ತುಳುವಿನಲ್ಲಿ ಹಾಗೆಂದರೆ ಏಡಿ. ಹಿಡಿದರೆ ಬಿಡುವುದಿಲ್ಲ ಅಂತ.

ಅವನನ್ನು ಮಸ್ಕತ್ತಿಗೆ ತಂದದ್ದೂ ಆ ಹಿಡಿತವೇ. ಗಲ್ಫಿನಲ್ಲಿ ಕರಾವಳಿಯವರದ್ದೊಂದು ಪದ್ಧತಿಯುಂಟು. ಕಬಡ್ಡಿಯ ಹುಚ್ಚಿರುವ ಸಾಹುಕಾರರು ರಜೆಗೆ ಊರಿಗೆ ಹೋದಾಗ ಪಂದ್ಯ ನೋಡುತ್ತಾರೆ, ಕಣ್ಣಿಗೆ ಬಿದ್ದ ಆಟಗಾರನಿಗೆ ಇಲ್ಲಿ ಕೆಲಸ ಕೊಟ್ಟು ಕರೆತರುತ್ತಾರೆ. ವೀಸಾದಲ್ಲಿ ಸ್ಟೋರ್ ಕೀಪರ್, ಮೈದಾನದಲ್ಲಿ ಲೆಫ್ಟ್ ಕಾರ್ನರ್. ಹಮ್ರಿಯಾದಲ್ಲಿ ನಲ್ಲಿ, ಪೈಪು, ವಾಶ್‌ಬೇಸಿನ್ನಿನ ಅಂಗಡಿಯಿಟ್ಟಿದ್ದ ಶೆಟ್ರು ಹಾಗೆ ಸಂಜೀವಣ್ಣನನ್ನು ತಂದರು. ತಂಡವೂ ಅವರದ್ದೇ, ಅಂಗಡಿಯೂ ಅವರದ್ದೇ. ಸಂಜೀವಣ್ಣನ ಅನ್ನ, ಆಟ ಎರಡೂ ಅವರ ಕೈಯಲ್ಲಿದ್ದವು.

ನಾನು ನಂಜನಗೂಡಿನವನು, ಟೈಲ್ಸ್ ಕಂಪನಿಯೊಂದರಲ್ಲಿ ಅಕೌಂಟ್ಸ್ ನೋಡುವವನು. ತುಳುವರ ತಂಡದಲ್ಲಿ ನಾನೊಬ್ಬ ಘಟ್ಟದವ. ಮೊದಲ ದಿನ "ನೀವು" ಅಂದಿದ್ದಕ್ಕೆ ಸಂಜೀವಣ್ಣ ಗದರಿದ್ದ: "ಕೈ ಹಿಡಿದು ಆಡುವವನಿಗೆ ಎಂತ ನೀವು ಮಾರಾಯ? ಮದುವೆಗೆ ಕರೀಲಿಕ್ಕೆ ಬಂದಿದ್ದೀಯಾ?" ಅಂದಿನಿಂದ ಅಣ್ಣ ಅನ್ನುವುದು ಉಳಿಯಿತು, ನೀವು ಹೋಯಿತು.

ಕೈ ಹಿಡಿದು ಅಂದದ್ದು ಸುಮ್ಮನೆ ಅಲ್ಲ. ರೈಡರ್ ಬಂದಾಗ ಮೂಲೆಯವನೂ ಪಕ್ಕದವನೂ ಕೈ ಹಿಡಿದು ನಿಲ್ಲುತ್ತಾರೆ. ಸಂಜೀವಣ್ಣನ ಬಲಗೈ, ನನ್ನ ಎಡಗೈ. ಯಾವಾಗ ನುಗ್ಗಬೇಕೆಂದು ಬಾಯಲ್ಲಿ ಹೇಳುವ ಹಾಗಿಲ್ಲ, ಕಣ್ಣು ರೈಡರ್‌ನ ಕಾಲ ಮೇಲೆ. ಆದ್ದರಿಂದ ಸಂಜೀವಣ್ಣ ಹೆಬ್ಬೆರಳಿನಿಂದ ನನ್ನ ಅಂಗೈ ಒತ್ತುತ್ತಿದ್ದ. ಒಂದು ಸಲ ಒತ್ತಿದರೆ ನಿಲ್ಲು. ಎರಡನೆಯ ಸಲ ಒತ್ತಿದರೆ ಹೊರಟೆವು. ಎರಡನೆಯದು ಬರುವವರೆಗೆ ಆಕಾಶ ಕಳಚಿ ಬಿದ್ದರೂ ಕದಲಬಾರದು ಅನ್ನುವುದು ಅವನ ಕಾನೂನು. ಮೊದಮೊದಲು ನಾನು ಅವಸರಬಿದ್ದು ನುಗ್ಗಿ, ಒದೆ ತಿಂದು, ಅವನಿಂದ ಬೈಗುಳವನ್ನೂ ತಿಂದೆ. ಆಮೇಲೆ ಕಾಯುವುದನ್ನು ಕಲಿತೆ. ನನ್ನ ಹೆಂಡತಿಯ ಮಾತನ್ನು ನಾನು ಅಷ್ಟು ಶ್ರದ್ಧೆಯಿಂದ ಕೇಳಿದ್ದಿಲ್ಲ.

ಆ ವರ್ಷದ ಸೀಸನ್ ಶುರುವಾಗುವಾಗ ಸೆಕೆ ಇಳಿದಿತ್ತು. ಮಸ್ಕತ್ತಿನಲ್ಲಿ ಮನುಷ್ಯರು ಮನುಷ್ಯರಂತೆ ಓಡಾಡುವುದು ಆ ಕೆಲವೇ ತಿಂಗಳು. ಬೆಳಗ್ಗೆ ಗುಡ್ಡಗಳ ಬೋಳು ತಲೆಗೆ ಮಂಜಿನ ಹೊದಿಕೆ, ಅಭ್ಯಾಸ ಮುಗಿದ ಮೇಲೆ ರಸ್ತೆಬದಿಯ ಕರಕ್ ಚಹಾ. ಮೊದಲ ವಾರದ ಅಭ್ಯಾಸದಲ್ಲೇ ಒಬ್ಬ ರೈಡರ್ ನಮ್ಮ ಮೂಲೆಗೆ ಬಂದ. ಸಂಜೀವಣ್ಣ ನುಗ್ಗಿಯೇಬಿಟ್ಟ, ನಾನು ನಿಂತೇ ಇದ್ದೆ. ಒಬ್ಬನೇ ಹಿಡಿಯಲಾಗದೆ ಅವನು ಮಣ್ಣು ಕಚ್ಚಿದ.

"ಎಂತ ಮಾದೇವ, ನಿದ್ದೆ ಬಂತಾ? ಒತ್ತಿದ್ದು ಗೊತ್ತಾಗ್ಲಿಲ್ವಾ?"

"ಒತ್ತಿದ್ರೆ ತಾನೆ ಗೊತ್ತಾಗೋದು? ನೀನೆಲ್ಲಿ ಒತ್ದೆ?"

"ಎರಡು ಸಲ ಒತ್ತಿದೆ ಮಾರಾಯ!"

ನನಗೆ ರೇಗಿತು. ಎಲ್ಲರ ಮುಂದೆ ನಾನು ಸುಳ್ಳುಗಾರನಾದೆ ಅನ್ನಿಸಿತು. ಮುಂದಿನ ವಾರವೂ ಅದೇ. ಒತ್ತು ಬರುತ್ತಿತ್ತು, ಆದರೆ ಬಟ್ಟೆಯ ಮೇಲಿಂದ ಯಾರೋ ಮುಟ್ಟಿದ ಹಾಗೆ. ನಾನು ಲೆಕ್ಕ ನೋಡಿ ಬದುಕುವ ಮನುಷ್ಯ, ಅನುಮಾನ ನನ್ನ ಕಸುಬು. ಆದರೂ ವಯಸ್ಸಾಯಿತು, ಆಲಸ್ಯ ಅಂದುಕೊಂಡೆನೇ ಹೊರತು ಬೇರೇನೂ ಹೊಳೆಯಲಿಲ್ಲ.

ಗಡಿಯೂರು ಬುರೈಮಿಯ ಪಂದ್ಯಕ್ಕೆ ಬಸ್ಸು ಮಾಡಿಕೊಂಡು ಹೋದೆವು. ಅಲ್ಲಿನ ತಂಡ ನಡೆಸುವವರು ಸಂಜೀವಣ್ಣನ ಊರಿನವರೇ. ಅವನನ್ನು ತಮ್ಮ ಅಂಗಡಿಗೆ ಕರೆದುಕೊಂಡು ಹೋಗಿ, ಪಕ್ಕದಲ್ಲಿ ಕೂರಿಸಿ ಮೀನಿನ ಊಟ ಹಾಕಿದರು. ನಮ್ಮವರೆಲ್ಲ ಅದನ್ನು ನೋಡಿದರು. ಸಂಜೆ ಆಟ ಸಮಬಲದಲ್ಲಿತ್ತು. ಕೊನೆಯ ರೈಡ್. ಅವರ ರೈಡರ್ ನಮ್ಮ ಮೂಲೆಗೇ ಬಂದ, ಸಂಜೀವಣ್ಣ ಸರಿಯಾದ ಗಳಿಗೆಗೆ ಬಿದ್ದ, ಹಿಮ್ಮಡಿ ಪೂರ್ತಿ ಅವನ ಬಲಗೈಯೊಳಗೆ ಸಿಕ್ಕಿತು. ಊರಿಗೆ ಊರೇ ಎಳೆದರೂ ಬಿಡದ ಹಿಡಿತ ಅದು. ರೈಡರ್ ಒಮ್ಮೆ ಕಾಲು ಕೊಡವಿದ. ಒದ್ದೆ ಕೈಯಿಂದ ಸೋಪು ಜಾರುವ ಹಾಗೆ ಕಾಲು ಹೊರಬಂತು. ಸೋತೆವು.

ಬುರೈಮಿಯ ಸಾಹುಕಾರರು ಓಡಿಬಂದು ಸಂಜೀವಣ್ಣನ ಹೆಗಲ ಮೇಲೆ ಕೈ ಹಾಕಿದರು. ಸೋತವನನ್ನು ಸಮಾಧಾನ ಮಾಡಲಿಕ್ಕೆ, ಅಷ್ಟೇ. ಆದರೆ ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ಎಲ್ಲ ಊರಲ್ಲೂ ಇರುತ್ತಾರೆ. ವಾಪಸಿನ ದಾರಿಯಲ್ಲಿ ಬಸ್ಸು ಸೋಹಾರ್ ದಾಟುವ ಮೊದಲೇ ಸುದ್ದಿ ಸಿದ್ಧವಾಗಿತ್ತು: ಸಂಜೀವನಿಗೆ ಬುರೈಮಿಯಲ್ಲಿ ಕೆಲಸ ಗೊತ್ತಾಗಿದೆಯಂತೆ, ಅದಕ್ಕೇ ಕಾಲು ಬಿಟ್ಟನಂತೆ. ಆಟಗಾರನಿಗೆ ಕೆಲಸ ಕೊಟ್ಟು ಎಳೆದುಕೊಳ್ಳುವುದು ನಮ್ಮಲ್ಲಿ ಇದ್ದದ್ದೇ ಆದ್ದರಿಂದ ಯಾರಿಗೂ ಅದು ನಂಬಲಾಗದ ಮಾತು ಅನ್ನಿಸಲಿಲ್ಲ. ಡೆಂಜಿಯ ಕೈಯಿಂದ ಕಾಲು ಜಾರುವುದುಂಟೇ? ಬಿಟ್ಟರೆ ಮಾತ್ರ ಹೋಗಬೇಕು. ಅವನ ಹಿಡಿತದ ಮೇಲೆ ಅವರಿಗಿದ್ದ ನಂಬಿಕೆಯೇ ಅವನಿಗೆ ಮುಳುವಾಯಿತು.

ಬಸ್ಸಿನಲ್ಲಿ ಅವನ ಪಕ್ಕ ಯಾರೂ ಕೂರಲಿಲ್ಲ. ನಾನು ಹೋಗಿ ಕುಳಿತೆ. ಅವನು ಕಿಟಕಿಯ ಕಡೆ ತಿರುಗಿ, ಬಲಗೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡಿದ್ದ.

ಮುಂದಿನ ಪಂದ್ಯಕ್ಕೆ ಶೆಟ್ರು ಅವನನ್ನು ಆಡಿಸಲಿಲ್ಲ. ಕಾರಣ ಹೇಳಲಿಲ್ಲ, ಅವನೂ ಕೇಳಲಿಲ್ಲ. ಅಂಗಡಿಯಲ್ಲಿ ಮಾತ್ರ ಕೆಲಸ ನಡೆದಿತ್ತು. ಒಂದು ಸಂಜೆ ಬಚ್ಚಲಿಗೊಂದು ನಲ್ಲಿ ಬೇಕಾಗಿ ಹೋದೆ. ಸಂಜೀವಣ್ಣ ಹಿಂದಿನ ಗೋದಾಮಿನ ಬೀಗ ತೆಗೆಯುತ್ತಿದ್ದ. ಕೀಲಿಯನ್ನು ಬಲಗೈಯಲ್ಲಿ ಹಿಡಿದು ತಿರುಗಿಸಿದ, ತಿರುಗಲಿಲ್ಲ. ಬೆರಳುಗಳ ನಡುವೆ ಕೀಲಿ ಮಲಗಿಬಿಡುತ್ತಿತ್ತು. ಆಮೇಲೆ ಎಡಗೈಗೆ ಬದಲಾಯಿಸಿ ತೆಗೆದ. ತಿರುಗಿ ನೋಡಿದರೆ ನಾನು.

"ಬೀಗ ತುಕ್ಕು ಹಿಡಿದಿದೆ" ಅಂದ.

ಬೀಗ ಹೊಸದು. ನಾನು ಅವನ ಬಲಗೈ ಹಿಡಿದು ಬೆಳಕಿಗೆ ತಂದೆ. ಹೆಬ್ಬೆರಳಿಗೂ ತೋರುಬೆರಳಿಗೂ ನಡುವೆ ಉಬ್ಬಿಕೊಂಡಿರಬೇಕಾದ ಮಾಂಸ ಇರಲಿಲ್ಲ, ಅಲ್ಲಿ ಗುಳಿ ಬಿದ್ದಿತ್ತು. ವರ್ಷಗಟ್ಟಲೆ ಹಿಡಿದ ಕೈ, ಗುರುತೇ ಸಿಗಲಿಲ್ಲ.

"ಅಣ್ಣಾ, ಏನಿದು?"

"ವಿಟಮಿನ್ ಕಡಿಮೆ ಅಂತೆ."

"ಸುಳ್ಳು ಹೇಳ್ಬೇಡ. ಡಾಕ್ಟ್ರು ಏನಂದ್ರು?"

ಅವನು ವಾಶ್‌ಬೇಸಿನ್ನಿನ ರಟ್ಟಿನ ಪೆಟ್ಟಿಗೆಯ ಮೇಲೆ ಕುಳಿತ. ಬುರೈಮಿಯಿಂದ ಬಂದ ಮೇಲೆ ಹೆಂಡತಿ ಶಶಿಯಕ್ಕ ಬಲವಂತವಾಗಿ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದಳು. ಸೂಜಿ ಚುಚ್ಚಿ, ಕರೆಂಟು ಕೊಟ್ಟು ನೋಡಿದರಂತೆ. ನರಗಳು ಒಣಗುತ್ತಾ ಹೋಗುವ ಕಾಯಿಲೆ. ಕೈಯಿಂದ ಶುರು, ಆಮೇಲೆ ಕಾಲು, ಆಮೇಲೆ ನುಂಗುವುದು, ಕೊನೆಗೆ ಉಸಿರು. ಔಷಧಿ ಇಲ್ಲ.

"ಇಷ್ಟು ವರ್ಷ ಬೇರೆಯವರ ಉಸಿರು ಕಟ್ಟಿಸಿದ್ದೇನಲ್ಲ" ಅಂತ ನಕ್ಕ. ನನಗೆ ನಗು ಬರಲಿಲ್ಲ. ನೀರಿನ ಪೈಪುಗಳ ಆ ಗೋದಾಮಿನಲ್ಲಿ ನಿಂತು ಅತ್ತೆ. ಅವನು ಅಳಲಿಲ್ಲ, ನನ್ನನ್ನು ಅಳಲು ಬಿಟ್ಟ. ಆಮೇಲೆ ಹೇಳಿದ:

"ಕಾಯಿಲೆ ಬಂತು, ಅದು ಇರಲಿ. ನಾನು ಬಿಟ್ಟೆ ಅಂತ ಹೇಳ್ತಾರಲ್ಲ ಮಾದೇವ, ಅದು ಆಗುದಿಲ್ಲ ನನಗೆ. ಡೆಂಜಿ ದುಡ್ಡಿಗೆ ಕಾಲು ಬಿಟ್ಟ ಅಂತ ಊರಿಗೆ ಮುಟ್ಟಿದೆ. ನನ್ನ ಅಣ್ಣ ಫೋನ್ ಮಾಡಿ ಕೇಳಿದ."

"ನಾಳೇನೇ ಶೆಟ್ರಿಗೆ ಹೇಳ್ತೀನಿ. ಎಲ್ಲರ ಬಾಯೂ ಮುಚ್ಚತ್ತೆ."

"ಬೇಡ. ಹೇಳಿದರೆ ಪಾಪ ಅಂತಾರೆ. ಪಾಪ ಅಂತ ಹೇಳಿಸಿಕೊಂಡು ಹೋಗ್ಲಿಕ್ಕೆ ನಾನು ತಯಾರಿಲ್ಲ. ಎಡಗೈ ಇನ್ನೂ ಉಂಟು. ಬಲಗಡೆ ನಿಂತರೆ ಒಳಗಿನ ಕೈ ಎಡಗೈ ಆಗ್ತದೆ. ಫೈನಲ್ ಒಂದು ಆಡ್ತೇನೆ. ಎಲ್ಲರ ಎದುರು ಒಂದು ಕಾಲು ಹಿಡಿದು ತೋರಿಸ್ತೇನೆ. ಮತ್ತೆ ನೀನು ಮೈಕಿನಲ್ಲಿ ಬೇಕಾದರೆ ಹೇಳು."

ಶುದ್ಧ ಹುಚ್ಚುತನ ಅಂತ ಬೈದೆ. ಜೀವನವಿಡೀ ಎಡ ಮೂಲೆಯಲ್ಲಿ ನಿಂತವನು ಬಲ ಮೂಲೆಗೆ ಹೋಗುವುದೆಂದರೆ ಬಲಗೈಯವನು ಎಡಗೈಯಲ್ಲಿ ಊಟ ಮಾಡಿದ ಹಾಗೆ. ಹೊಟ್ಟೆ ತುಂಬಬಹುದು, ತುತ್ತು ಬಾಯಿಗೆ ಹೋಗುವುದೇ ಕಷ್ಟ. ಆದರೆ ಅವನ ಮುಖ ನೋಡಿ ಒಪ್ಪಿಕೊಂಡೆ. ಅವತ್ತಿನಿಂದ ನಾವಿಬ್ಬರೇ, ಆಫೀಸು ಮುಗಿಸಿ ಅಮೇರಾತ್‌ಗೆ ಹೋಗಿ ಅಭ್ಯಾಸ ಮಾಡಿದೆವು. ಟ್ಯಾಂಕರ್ ಇಲ್ಲದ ಒಣ ಧೂಳಿನಲ್ಲಿ ನಾನೇ ರೈಡರ್, ನಾನೇ ಪಕ್ಕದವ. ಕೆಲವು ದಿನ ಶಶಿಯಕ್ಕ ಮಗಳು ದೀಕ್ಷಾಳನ್ನು ಕರೆದುಕೊಂಡು ಬಂದು ಕಾರಿನಲ್ಲೇ ಕುಳಿತಿರುತ್ತಿದ್ದಳು. ಒಮ್ಮೆ ಅವನ ಶರ್ಟಿನ ಗುಂಡಿ ಹಾಕುತ್ತಾ ನನಗೆ ಹೇಳಿದಳು: "ಬೇಡ ಅಂತ ನಾನೂ ಹೇಳಿದೆ ಮಾದೇವಣ್ಣ. ಇದೊಂದು ಇಲ್ಲದಿದ್ದರೆ ಇವರು ಈಗಲೇ ಮಲಗಿಬಿಡ್ತಾರೆ. ಆಡ್ಲಿ." ದೀಕ್ಷಾ, "ಅಮ್ಮಾ, ಲೆಟ್ ಮಿ ಡೂ ಇಟ್" ಅಂತ ಉಳಿದ ಗುಂಡಿಗಳನ್ನು ಹಾಕಿದಳು. ಅವಳಿಗೆ ಅಪ್ಪನ ಕೈಗೆ ಪೆಟ್ಟಾಗಿದೆ ಅಂತಷ್ಟೇ ಹೇಳಿದ್ದರು.

ಶೆಟ್ರ ಹತ್ತಿರ ನಾನೇ ಹೋದೆ. ಅವರು ಚಹಾ ತರಿಸಿ, ನನ್ನ ಮಾತು ಕೇಳಿ, ಚಹಾ ಮುಗಿಸಿ ಹೇಳಿದರು: "ನೋಡಿ ಮಾದೇವ, ಅವನನ್ನು ನಾನು ತಮ್ಮನ ಹಾಗೆ ನೋಡಿದ್ದೇನೆ. ಬುರೈಮಿಗೆ ಹೋಗುದಾದರೆ ಹೋಗಲಿ, ವೀಸಾ ಕೊಟ್ಟ ಕಫೀಲನ ಹತ್ತಿರ ಬಿಡುಗಡೆಯ ಕಾಗದ ಮಾಡಿಸಿ ಕೊಡ್ತೇನೆ. ಫೈನಲ್ ಬುರೈಮಿಯವರ ಮೇಲೆಯೇ. ಅದರಲ್ಲಿ ಅವನನ್ನು ಆಡಿಸು ಅಂದರೆ ನನ್ನ ಮುಖ ಎಲ್ಲಿ ಇಡುದು?"

"ಅವನು ಆಡ್ದಿದ್ರೆ ನಾನೂ ಆಡಲ್ಲ" ಅಂದೆ. ನನ್ನಂಥ ಆಟಗಾರ ಆಡದಿದ್ದರೆ ಯಾರ ಗಂಟೂ ಹೋಗುವುದಿಲ್ಲ. ಅದು ನನಗೂ ಗೊತ್ತು. ಆದರೆ ನಮ್ಮ ಬಲ ಮೂಲೆಯವನು ತಂದೆಗೆ ಹುಷಾರಿಲ್ಲ ಅಂತ ಅದೇ ವಾರ ಊರಿಗೆ ಹೋದ. ಶೆಟ್ರಿಗೆ ಬೇರೆ ದಾರಿ ಉಳಿಯಲಿಲ್ಲ.

ಫೈನಲ್ ಶುಕ್ರವಾರ ಮಧ್ಯಾಹ್ನ, ಮಸ್ಕತ್ತಿನಲ್ಲೇ. ಇಡೀ ಕರಾವಳಿ ಅಲ್ಲಿತ್ತು, ಗೋಳಿಬಜೆಯ ಸ್ಟಾಲು, ಕುರ್ಚಿ ಸಾಲದೆ ನಿಂತ ಹೆಂಗಸರು, ಮೈಕಿನಲ್ಲಿ ತುಳು ಕನ್ನಡ ಎರಡೂ. ಸಂಜೀವಣ್ಣ ಬಲ ಮೂಲೆಗೆ ಹೋಗಿ ನಿಂತಾಗ ಗುಜುಗುಜು ಎದ್ದಿತು. ಅವನ ಎಡಗೈ ನನ್ನ ಬಲಗೈಯನ್ನು ಹಿಡಿಯಿತು. ಒತ್ತಿದ. ಹಳೆಯ ಒತ್ತು, ಮೂಳೆಗೆ ತಾಗುವಂಥದ್ದು. ನನ್ನ ಕಣ್ಣು ಮಂಜಾಯಿತು, ಮೊದಲ ರೈಡರ್ ಬಂದದ್ದೇ ಸರಿಯಾಗಿ ಕಾಣಲಿಲ್ಲ.

ಸಂಜೀವಣ್ಣ ಎರಡು ಸಲ ನುಗ್ಗಿ ಎರಡು ಸಲವೂ ತಪ್ಪಿದ. ಕಾಲೂ ಆಗಲೇ ಸೋಲುತ್ತಿತ್ತೋ ಏನೋ, ಬೀಳುವಾಗ ದೇಹ ಒಂದು ಅಂಗುಲ ಹಿಂದೆ ಉಳಿಯುತ್ತಿತ್ತು. ಗುಂಪಿನಿಂದ ಯಾರೋ ಕೂಗಿದರು: "ಬುಡಿಯೆ! ಕುಡ ಬುಡಿಯೆ!" ಬಿಟ್ಟ, ಮತ್ತೆ ಬಿಟ್ಟ. ಕೆಲವರು ನಕ್ಕರು. ಶಶಿಯಕ್ಕ ಸೀರೆಯ ಸೆರಗು ಬಾಯಿಗೆ ಒತ್ತಿಕೊಂಡು ನಿಂತಿದ್ದಳು. ನನಗೆ ಆ ಕೂಗಿದವನನ್ನು ಹುಡುಕಿ ಕೆನ್ನೆಗೆ ಬಾರಿಸಬೇಕೆನ್ನಿಸಿತು. ಸಂಜೀವಣ್ಣ ಮಣ್ಣು ಕೊಡವಿಕೊಂಡು ಬಂದು ಮತ್ತೆ ಕೈ ಕೊಟ್ಟ.

ಆಟದ ಕೊನೆಗೆ ನಾವು ಒಂದು ಪಾಯಿಂಟ್ ಮುಂದಿದ್ದೆವು. ಬುರೈಮಿಯ ಅದೇ ರೈಡರ್ ಬಂದ, ಅವತ್ತು ಕಾಲು ಕೊಡವಿ ಹೋದವನು. ಎಲ್ಲರಿಗೂ ಗೊತ್ತಿದ್ದ ಹಾಗೆ ನೇರ ನಮ್ಮ ಮೂಲೆಗೇ ಬಂದ. ಸಂಜೀವಣ್ಣ ಒಮ್ಮೆ ಒತ್ತಿದ. ನಿಲ್ಲು. ರೈಡರ್ ಕಾಲು ಚಾಚಿ ಆಸೆ ತೋರಿಸಿ ಹಿಂದೆಗೆದ. ಇನ್ನೂ ಬರಲಿಲ್ಲ ಎರಡನೆಯದು. ಮತ್ತೆ ಚಾಚಿದ. ಆಗಲೂ ಇಲ್ಲ. ಸಂಜೀವಣ್ಣ ಹೆದರಿದ್ದಾನೆ ಅಂದುಕೊಂಡೆ. ಮೂರನೆಯ ಸಲ ರೈಡರ್ ಧೈರ್ಯ ಮಾಡಿ ಕಾಲನ್ನು ಪೂರ್ತಿ ಇಟ್ಟ. ಒತ್ತು ಬಂತು.

ಸಂಜೀವಣ್ಣ ಬರೀ ಕೈಯಿಂದ ಹಿಡಿಯಲಿಲ್ಲ. ಎಡಗೈಯನ್ನು ಹಿಮ್ಮಡಿಗೆ ಸುತ್ತಿ, ಕೆಲಸಕ್ಕೆ ಬಾರದ ಬಲಗೈಯನ್ನು ಅದರ ಕೆಳಗೆ ತೂರಿಸಿ, ಎರಡರ ಮೇಲೂ ತನ್ನ ಎದೆ, ಗದ್ದ ಎಲ್ಲವನ್ನೂ ಹೇರಿ ಮಲಗಿಬಿಟ್ಟ. ರೈಡರ್ ಒದ್ದ, ಕೊಡವಿದ, ಗೆರೆಯ ಕಡೆ ಎಳೆದ. ನಾನು ಅವನ ಸೊಂಟಕ್ಕೆ ಬಿದ್ದೆ. ರೈಡರ್‌ನ ಉಸಿರು ಕಟ್ಟಿತು, ವಿಸಲ್ ಆಯಿತು, ಜನ ಒಳಗೆ ನುಗ್ಗಿದರು. ಸಂಜೀವಣ್ಣ ಮಾತ್ರ ಹಾಗೇ ಮಲಗಿದ್ದ. "ಬಿಡಿ ಅಣ್ಣಾ, ಮುಗೀತು, ಖಲಾಸ್" ಅಂತ ಆ ರೈಡರೇ ಹೇಳಿದ. ಅವನು ಬಿಡಲಿಲ್ಲ. ಕೊನೆಗೆ ನಾನು ಎಡಗೈಯ ಒಂದೊಂದೇ ಬೆರಳು ಬಿಡಿಸಿದೆ.

ಶೆಟ್ರು ಓಡಿ ಬಂದರು. ಎಲ್ಲರ ಎದುರು ಅವನ ಬಲಗೈ ಹಿಡಿದು ಮೇಲೆತ್ತಿದರು, ಗೆದ್ದವನ ಕೈಯನ್ನು ಎತ್ತುವ ಹಾಗೆ. ಅರ್ಧಕ್ಕೆ ನಿಂತರು. ಕೈಯಲ್ಲಿ ಜೀವ ಇರಲಿಲ್ಲ. ಅವರು ಹಿಡಿದದ್ದನ್ನು ಅದು ತಿರುಗಿ ಹಿಡಿಯಲಿಲ್ಲ. ಅವರು ಆ ಗುಳಿ ನೋಡಿದರು, ಅವನ ಮುಖ ನೋಡಿದರು, ನನ್ನನ್ನು ನೋಡಿದರು. ಮೈಕು ಕಿರುಚುತ್ತಲೇ ಇತ್ತು.

"ಯಾಕೆ ಹೇಳಲಿಲ್ಲ ಸಂಜೀವ?"

"ನೀವು ಕೇಳಲಿಲ್ಲ ಶೆಟ್ರೇ" ಅಂದ. ಸಿಟ್ಟಿನಿಂದಲ್ಲ, ದೂರಿನಂತೆಯೂ ಅಲ್ಲ.

ಶೆಟ್ರು ಆ ಕೈಯನ್ನು ತಮ್ಮ ಎರಡೂ ಕೈಗಳಲ್ಲಿ ಹಿಡಿದುಕೊಂಡು ಮಣ್ಣಿನಲ್ಲೇ ಕುಳಿತರು. ಅವರು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಅಷ್ಟರಲ್ಲಿ ಯಾರೋ ಯಾರಿಗೋ ಹೇಳಿ, ಅವರು ಇನ್ಯಾರಿಗೋ ಹೇಳಿ, ಸ್ಟಾಲಿನವರೆಗೂ ಮಾತು ಹೋಗಿ, ಚಪ್ಪಾಳೆಯ ಸದ್ದು ತಾನಾಗಿ ಅಡಗಿತು.

ಸೆಕೆ ಶುರುವಾಗುವ ಮೊದಲೇ ಸಂಜೀವಣ್ಣನ ಮನೆಯವರೆಲ್ಲ ಊರಿಗೆ ಹೊರಟರು. ಕೊನೆಯವರೆಗಿನ ಖರ್ಚು ಶೆಟ್ರೇ ನೋಡಿಕೊಂಡರು. ವಿಮಾನ ನಿಲ್ದಾಣಕ್ಕೆ ಬುರೈಮಿಯ ರೈಡರ್ ಕೂಡ ಬಂದಿದ್ದ. ಅಷ್ಟು ದೂರದಿಂದ ಬಂದು, ಸಂಜೀವಣ್ಣನ ಕಾಲು ಮುಟ್ಟಿ ಹೋದ.

ಮರುವರ್ಷ ಮಳೆಗಾಲದ ರಜೆಗೆ ನಾನು ನಂಜನಗೂಡಿಗೆ ಹೋಗುವ ಮೊದಲು ಮೂಲ್ಕಿಗೆ ಹೋದೆ. ಮಂಚದ ಮೇಲೆ ಅರ್ಧ ಮನುಷ್ಯ ಇದ್ದ. ಮಾತು ಹೋಗಿತ್ತು, ಎರಡೂ ಕೈ ಹೋಗಿದ್ದವು, ಮೂಗಿಗೆ ಉಸಿರಿನ ಯಂತ್ರದ ಪೈಪು ಇತ್ತು. ಕಣ್ಣು ಮಾತ್ರ ಹಳೆಯದೇ, ರೈಡರ್‌ನ ಕಾಲು ನೋಡುವ ಕಣ್ಣು. ನಾನು ಅಭ್ಯಾಸದಂತೆ ಅವನ ಬಲಗಡೆ ಕುಳಿತು ಆ ಕೈ ಹಿಡಿದುಕೊಂಡೆ. ಶಶಿಯಕ್ಕ ಚಹಾ ತರಲು ಒಳಗೆ ಹೋಗಿದ್ದಳು. ಆಫೀಸಿನ ಸುದ್ದಿ ಹೇಳಿದೆ, ಶೆಟ್ರ ಸುದ್ದಿ ಹೇಳಿದೆ, ಈ ವರ್ಷ ಎಡ ಮೂಲೆಗೆ ಬಂದವನಿಗೆ ಏನೂ ಬರುವುದಿಲ್ಲ ಅಂತ ದೂರು ಹೇಳಿದೆ. ಮಾತು ಮುಗಿಯಿತು. ಪ್ರತಿ ಉಸಿರಿಗೂ ಅವನ ಎದೆ ಬೆಟ್ಟ ಹತ್ತಿದ ಹಾಗೆ ಏಳುತ್ತಿತ್ತು.

ಅಷ್ಟು ವರ್ಷಗಳಲ್ಲಿ ಒತ್ತುವವನು ಯಾವಾಗಲೂ ಅವನೇ. ಅವತ್ತು ನಾನು ಹೆಬ್ಬೆರಳಿನಿಂದ ಅವನ ಅಂಗೈಯನ್ನು ಒತ್ತಿದೆ. ಒಂದು ಸಲ.

ಅವನು ಕಣ್ಣು ತಿರುಗಿಸಿ ನನ್ನನ್ನು ನೋಡಿದ. ಅರ್ಥವಾಯಿತು ಅವನಿಗೆ. ಕಣ್ಣಲ್ಲೇ ನಕ್ಕ, ಘಟ್ಟದವನಿಗೆ ಯಾವಾಗ ಬಂತು ಈ ಅಧಿಕಾರ ಅನ್ನುವ ಹಾಗೆ.

ನಾನು ಮಸ್ಕತ್ತಿಗೆ ವಾಪಸ್ ಬಂದ ವಾರದಲ್ಲೇ ಶಶಿಯಕ್ಕನ ಫೋನು ಬಂತು. ಬೆಳಗ್ಗೆ ಗಂಜಿ ಕುಡಿಸಲು ಎಬ್ಬಿಸಿದರೆ ಏಳಲಿಲ್ಲವಂತೆ. ಎಲ್ಲರೂ ಬಿಡುಗಡೆಯಾಯಿತು ಅಂದರು, ಇನ್ನೆಷ್ಟು ನರಳಬೇಕಿತ್ತು ಪಾಪ ಅಂದರು. ಅವರು ಹೇಳಿದ್ದು ಸರಿಯೇ. ನನಗೆ ಮಾತ್ರ ದುಃಖದ ಜೊತೆ ಒಂದು ಸಿಟ್ಟು ಇನ್ನೂ ಇಳಿದಿಲ್ಲ. ಕಾನೂನು ಮಾಡಿದವನು ಅವನೇ. ನಾನು ಎರಡನೆಯ ಸಲ ಒತ್ತಿರಲಿಲ್ಲ.